ಕೊನೆಗೆ ಕಲಿತದ್ದು

ನಮ್ಮ ಊರಿನಿಂದ ಕೊಲ್ಲಿಯ ಆಚೆ ದಡಕ್ಕೆ ಹೋಗಲು ದೋಣಿಯವನಿಗೆ ಎರಡು ತೆಂಗಿನಕಾಯಿ, ಇಲ್ಲವೇ ಒಂದು ಸೇರು ಅಕ್ಕಿ. ಜೊತೆಯಲ್ಲಿ ಕೋಳಿ ಇದ್ದರೆ ಒಂದು ಮೊಟ್ಟೆ ಹೆಚ್ಚು. ಅದು ದೋಣಿಯ ಲೆಕ್ಕ. ನೀರಿನ ಲೆಕ್ಕ ಬೇರೆ. ಆಚೆ ದಡದ ಮರಳಿಗೆ ಕಾಲು ತಾಗಿದ ಕೂಡಲೇ ನಾವು ಕೊನೆಗೆ ಕಲಿತದ್ದು ಯಾವುದೋ ಅದು ನಮ್ಮಿಂದ ಹೋಗುತ್ತದೆ. ಆಚೆಯಿಂದ ಈಚೆಗೆ ಬಂದರೂ ಹಾಗೆಯೇ. ದೊಡ್ಡವರು, ಸಣ್ಣವರು, ಪರವೂರಿನವರು ಎಂದು ಇಲ್ಲ. ಅರ್ಧ ದಾರಿಯಿಂದ ಹಿಂದಿರುಗಿ ಹೊರಟ ದಡಕ್ಕೇ ಬಂದರೆ ಮಾತ್ರ ಏನೂ ಹೋಗುವುದಿಲ್ಲ.

ಇದಕ್ಕೆ ನಾವು ಯಾವತ್ತೋ ಹೊಂದಿಕೊಂಡಿದ್ದೇವೆ. ಹುಡುಗನನ್ನು ನೋಡಿ ಒಪ್ಪಿದ ಹುಡುಗಿ ಅದೇ ಸಂಜೆ ಕೊಲ್ಲಿ ದಾಟಿದರೆ, ಮದುವೆಯ ದಿನ ಇವನು ಯಾರು ಎಂದು ಕೇಳುತ್ತಾಳೆ. ಹಾಗಾಗಿ ಹೆಣ್ಣಿನ ಕಡೆಯವರು ಹೊರಡುವ ಮೊದಲು ಅವಳಿಗೆ ಒಂದು ಒಗಟು ಕಲಿಸಿ ದೋಣಿ ಹತ್ತಿಸುತ್ತಾರೆ. ನೀರಿಗೆ ಒಗಟು ಹೋಗುತ್ತದೆ, ಹುಡುಗ ಉಳಿಯುತ್ತಾನೆ. ಎಲ್ಲರೂ ಮಾಡುವುದು ಅದನ್ನೇ. ಹತ್ತುವ ಮೊದಲು ಬೇಡದ ಒಂದು ವಿಷಯ ಕಲಿತುಕೊಳ್ಳುವುದು. ಅದಕ್ಕೆ ನಾವು ಸುಂಕ ಎನ್ನುತ್ತೇವೆ. ದೋಣಿ ಹತ್ತುವ ಕಟ್ಟೆಯ ಹತ್ತಿರ ಬೇಯಿಸಿದ ಕಡಲೆಕಾಯಿ ಮಾರುವ ದುಗ್ಗಕ್ಕ ಒಂದು ಪೊಟ್ಟಣದ ಜೊತೆ ಒಂದು ಸುಂಕ ಕಲಿಸುತ್ತಾಳೆ. ತಲೆಬುಡ ಇಲ್ಲದ ಒಂದು ಸಾಲು, ಹುಲ್ಲಿನ ಒಂದು ಗಂಟು, ನಾಲಗೆ ಹೊರಳಿಸುವ ಒಂದು ಬಗೆ. ದಿನಾ ಹೊಸತು. ಎಲ್ಲಿಂದ ತರುತ್ತಾಳೋ ತಿಳಿಯದು.

ದೋಣಿಯೊಳಗೆ ಯಾರೂ ಹೊಸ ಮಾತು ಆಡುವುದಿಲ್ಲ. ಹಳೆಯ ಸೊಸೆಯ ಮೇಲಿನ ಹಳೆಯ ದೂರು, ಎಲ್ಲರಿಗೂ ಗೊತ್ತಿರುವ ಮಳೆಯ ಸುದ್ದಿ, ಅಷ್ಟೇ. ಹೊರಗೆ ಕಾಣಬಾರದೆಂದು ಸುತ್ತಲೂ ಟಾರ್ಪಾಲಿನ ಪರದೆ ಕಟ್ಟಿರುತ್ತಾರೆ. ನೀರಿನ ಮೇಲೆ ಏನಾದರೂ ಹೊಸದನ್ನು ಕಂಡರೆ ಸುಂಕದ ಬದಲು ಅದೇ ಹೋಗುತ್ತದೆ. ದಡದಲ್ಲಿ ಇಳಿದವನಿಗೆ ದುಗ್ಗಕ್ಕನ ಸಾಲು ಬಾಯಲ್ಲೇ ಇರುತ್ತದೆ, ಹೋದದ್ದು ಏನೆಂದು ಮಾತ್ರ ಗೊತ್ತಿರುವುದಿಲ್ಲ. ಬರೆದಿಟ್ಟುಕೊಂಡರೂ ಉಪಯೋಗವಿಲ್ಲ, ದೋಣಿಯಲ್ಲಿ ಬರೆದ ಕಾಗದ ದಡದಲ್ಲಿ ಬಿಳಿಯಾಗಿರುತ್ತದೆ. ಹಾಗೆ ಸುಂಕ ಬಾಯಲ್ಲಿಟ್ಟುಕೊಂಡು ಇಳಿದವರನ್ನು ನಮ್ಮ ಊರಿನಲ್ಲಿ ಕನಿಕರದಿಂದ ನೋಡುತ್ತಾರೆ.

ನಾನೂ ನನ್ನ ಗಂಡ ತನಿಯಪ್ಪನವರೂ ಚಿಪ್ಪಿನ ಸುಣ್ಣ ಸುಡುವವರು. ನಾನು ಹೊಳೆಬಾಯಿಯಿಂದ ಚಿಪ್ಪು ಹೊತ್ತು ತರುವುದು, ಅವರು ಸುಡುವ ಗೂಡಿನ ಎದುರು ಕುಳಿತು ಬೆಂಕಿಗೆ ಗಾಳಿಯೂದುವ ತಿದಿ ಒತ್ತುವುದು. ನಲವತ್ತು ವರ್ಷ ನಮ್ಮ ಮನೆಯಲ್ಲಿ ಗಡಿಯಾರಕ್ಕಿಂತ ಹೆಚ್ಚು ಕೇಳಿದ್ದು ಆ ತಿದಿಯ ಉಸಿರು. ಹಿಂದಿನ ಮಳೆಗಾಲದ ಕೊನೆಗೆ ಅವರು ಗೂಡಿನ ಎದುರೇ ಕುಸಿದರು. ಬಲಭಾಗ ಬಿದ್ದುಹೋಯಿತು, ಮಾತು ನಿಂತಿತು, ನುಂಗುವುದು ಕೂಡ ಮರೆತುಹೋಯಿತು. ಬಾಯಿಗೆ ಹಾಕಿದ ಗಂಜಿ ಶ್ವಾಸಕ್ಕೆ ಹೋಗಿ ಎರಡು ಸಲ ಜೀವ ಹೋಗಿ ಬಂತು. ನಮ್ಮ ಊರಿನ ಕಂಪೌಂಡರ್ ಮೂಗಿನಿಂದ ನಳಿಗೆ ಇಳಿಸಿ, ಇನ್ನು ಹೀಗೆಯೇ ಎಂದ.

ನಾನು ಹೀಗೆಯೇ ಎಂದು ಬಿಡುವವಳಲ್ಲ. ಅವರ ಗಲ್ಲವನ್ನು ಎದೆಗೆ ಬಾಗಿಸಿ, ಗಂಟಲ ಮಣಿಯ ಮೇಲೆ ಎರಡು ಬೆರಳಿಟ್ಟು, ಒಂದು ಚಮಚೆ ದಪ್ಪ ಗಂಜಿ ನಾಲಗೆಯ ಮೇಲಿಟ್ಟು, ಮಣಿ ಮೇಲೆ ಹೋಗುವ ತನಕ ಕಾದೆ. ಹೋಗದಿದ್ದರೆ ಬೆರಳಿನಿಂದ ತೆಗೆದೆ. ಮರುದಿನ ಮತ್ತೆ. ಚಳಿ ಹೋಗಿ ಸೆಕೆ ಬಂತು. ಒಂದು ಬೆಳಿಗ್ಗೆ ಅವರು ಬಟ್ಟಲು ಗಂಜಿಯನ್ನು ಒಮ್ಮೆಯೂ ಕೆಮ್ಮದೆ ಕುಡಿದರು. ಕಂಪೌಂಡರ್ ಬಂದು ನಳಿಗೆ ಎಳೆದು ತೆಗೆದ. ನಾನು ಒಳಗೆ ಹೋಗಿ ಪಾತ್ರೆ ತೊಳೆದೆ. ಬೇರೇನು ಮಾಡುವುದೆಂದು ತೋಚಲಿಲ್ಲ.

ಅದಾದ ವಾರಕ್ಕೇ ಅಪಸ್ಮಾರ ಶುರುವಾಯಿತು. ಮೊದಲು ಎಡಗೈಯ ಹೆಬ್ಬೆರಳು ಒಳಕ್ಕೆ ಮಡಚುತ್ತದೆ, ಆಮೇಲೆ ಇಡೀ ಮೈ. ಮೂರನೆಯ ಸಲ ಬಂದಾಗ ತುಟಿ ನೀಲಿಯಾಯಿತು. ಕಂಪೌಂಡರ್ ಮೆಟ್ಟಿಲಲ್ಲೇ ನಿಂತು ಹೇಳಿದ, "ಸುಂದರಕ್ಕ, ಇದು ನನ್ನ ಕೈಯ ಕೆಲಸ ಅಲ್ಲ. ಆಚೆ ಆಸ್ಪತ್ರೆಗೆ ಕರ್ಕೊಂಡು ಹೋಗಿ. ತಲೆಯೊಳಗೆ ನೋಡುವ ಮಿಶಿನ್ ಅಲ್ಲಿ ಉಂಟು. ಇನ್ನೊಂದು ಬಂದ್ರೆ ತಡ್ಕೊಳ್ಳಿಕ್ಕಿಲ್ಲ."

"ಅಲ್ಲಿಯ ಡಾಕ್ಟ್ರಮ್ಮನೇ ಬರೂದಿಲ್ವಾ?"

"ಒಮ್ಮೆ ಬಂದಿದ್ರಲ್ಲ ಮಾರಾಯ್ತಿ, ಸುಂಕ ಕಲಿಯದೆ. ಇಲ್ಲಿ ನೋಡಿದ ರೋಗಿಯ ಕಾಯಿಲೆ ಎಂತದು ಅಂತ ಅಲ್ಲಿ ಹೋಗುವಾಗ ಮರ್ತಿತ್ತು. ಮತ್ತೆ ಈ ಕಡೆ ತಲೆ ಹಾಕ್ಲಿಲ್ಲ."

ನನ್ನ ಹೆದರಿಕೆ ಏನೆಂದು ಯಾರಿಗಾದರೂ ಅರ್ಥವಾಗುತ್ತದೆ. ಇವರು ಕೊನೆಗೆ ಕಲಿತದ್ದು ನುಂಗುವುದು. ಹಾಗೆಯೇ ದಾಟಿಸಿದರೆ ಆಚೆ ದಡದಲ್ಲಿ ಅದು ಹೋಗುತ್ತದೆ. ಇನ್ನೊಂದು ಸಲ ಅಷ್ಟು ತಿಂಗಳು ನಳಿಗೆಯಲ್ಲಿ ಬದುಕುವ ಶಕ್ತಿ ಆ ಮೈಯಲ್ಲಿ ಇರಲಿಲ್ಲ. ದಾಟಿಸದಿದ್ದರೆ ಅಪಸ್ಮಾರ. ಹೊಸದೊಂದು ಕಲಿಸಿ ದಾಟಿಸಬೇಕು, ಅದೂ ತಡಮಾಡದೆ.

ಮರುದಿನ ಬೆಳಿಗ್ಗೆ ಅವರನ್ನು ಕೈಗಾಡಿಯಲ್ಲಿ ಕೂರಿಸಿ ಕಟ್ಟೆಗೆ ತಂದೆ. ದುಗ್ಗಕ್ಕ ನನಗೆ ಒಂದು ಸಾಲು ಕೊಟ್ಟಳು: ಅಳಿಲಿನ ಅತ್ತೆಗೆ ಆರು ಲಂಗ, ಆರರಲ್ಲೊಂದು ಒದ್ದೆ. ನಾನು ಎರಡು ಸಲ ಹೇಳಿ ಕಲಿತೆ. ಇವರ ಮುಂದೆ ಅವಳು ಹುಲ್ಲಿನ ಗಂಟು ಹಾಕಿ ತೋರಿಸಿದಳು. ಇವರ ಕಣ್ಣು ಗಂಟಿನ ಮೇಲಿರಲಿಲ್ಲ. ಎರಡು ಕಡಲೆಕಾಯಿ ಸಿಪ್ಪೆಯನ್ನು ಕಿವಿಗೆ ಸಿಕ್ಕಿಸಿಕೊಂಡು ತಲೆ ಕುಣಿಸಿದಳು. ಕಟ್ಟೆಯಲ್ಲಿದ್ದವರೆಲ್ಲ ನಕ್ಕರು, ಇವರ ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ.

"ಇವ್ರಿಗೆ ಎಂತ ಕೊಡ್ಲಿ ಸುಂದರಿ?" ಎಂದಳು ದುಗ್ಗಕ್ಕ, ಸಿಪ್ಪೆ ಕಿವಿಯಲ್ಲೇ ಇತ್ತು. "ಕೊಟ್ಟದ್ದು ಒಳಗೆ ಹೋಗೂದೇ ಇಲ್ಲ. ಹತ್ತು ದಿವ್ಸ ಬಿಟ್ಟು ಬಾ, ಅಲ್ಲಿವರೆಗೆ ದಿನಾ ಮನೆಗೇ ಬಂದು ಕಲಿಸ್ತೇನೆ."

"ಹತ್ತು ದಿವ್ಸ ಇವ್ರ ಹತ್ರ ಉಂಟಾ ಅಂತ ಗೊತ್ತಿದ್ರೆ ಬಿಡ್ತಿದ್ದೆ."

ದೋಣಿಯ ಇದ್ದಿನಬ್ಬ ಹಗ್ಗ ಹಿಡಿದು ನಿಂತಿದ್ದ. "ಅಕ್ಕ, ಹೊರಡೂದಾ ಅಲ್ವಾ? ಇಳಿತ ಶುರುವಾದ್ರೆ ಮರಳಿನ ದಿಣ್ಣೆ ಮೇಲೆ ಕೂತು ಏಡಿ ಲೆಕ್ಕ ಮಾಡ್ಬೇಕಾಗ್ತದೆ."

"ಹೊರಡುವ. ಆದ್ರೆ ಪರದೆ ಬಿಚ್ಚು."

ಅವನು ನನ್ನನ್ನೇ ನೋಡಿದ. ನಾನು ಹೇಳಿದೆ, "ದಡದಲ್ಲಿ ಕಲಿಯದಿದ್ರೆ ನೀರಲ್ಲಿ ಕಲೀಲಿ. ಈ ಕೊಲ್ಲಿಯ ನಡು ಹೇಗುಂಟು ಅಂತ ಇವ್ರು ನೋಡಿಲ್ಲ, ನಾನೂ ನೋಡಿಲ್ಲ. ಒಂದಾದ್ರೂ ಹೊಸತು ಕಣ್ಣಿಗೆ ಬೀಳೂದಿಲ್ವಾ? ಅದನ್ನು ಕೊಟ್ಟು ಇಳಿಯುವ."

ಅವತ್ತು ನಮ್ಮ ಜೊತೆಗಿದ್ದ ಇನ್ನೊಬ್ಬರೇ ಪ್ರಯಾಣಿಕರು ಫೆಲ್ಸಿಬಾಯಿ. ಬುಟ್ಟಿಯಲ್ಲಿ ಕೋಳಿ ಇಟ್ಟುಕೊಂಡು ಮಗಳ ಮನೆಗೆ ಹೊರಟಿದ್ದರು. "ನೀನು ಪರದೆ ಬಿಚ್ಚಿದ್ರೆ ನನ್ನ ಗತಿ ಎಂತ? ನಾನು ಎಂತದೋ ನೋಡಿ, ಅದು ಎಂತದು ಅಂತ ಗೊತ್ತಿಲ್ಲದೆ ಇಳಿದ್ರೆ ನಂಗೆ ಜನ್ಮಪೂರ್ತಿ ನಿದ್ರೆ ಬರ್ಲಿಕ್ಕಿಲ್ಲ."

"ಸೆರಗು ಮುಚ್ಚಿಕೊಳ್ಳಿ ಬಾಯಮ್ಮ. ಕಿವಿಗೆ ಬೆರಳು ಹಾಕಿ."

"ನಾನು ಮುಚ್ಚಿಕೊಳ್ತೇನೆ. ಕೋಳಿಗೆ ಯಾರು ಮುಚ್ಚೂದು?"

"ಕೋಳಿ ಎಂತ ಕಲ್ತದ್ದುಂಟು ಹೋಗ್ಲಿಕ್ಕೆ?" ಎಂದ ಇದ್ದಿನಬ್ಬ.

"ನನ್ನ ಕೋಳಿ ಹೇಳಿದ ಜಾಗದಲ್ಲಿ ಮೊಟ್ಟೆ ಇಡ್ತದೆ. ನಿನ್ನ ಮಗ ಹೇಳಿದ ಜಾಗದಲ್ಲಿ ಚಪ್ಪಲಿ ಇಡ್ತಾನಾ?" ಎನ್ನುತ್ತ ಅವರು ಬುಟ್ಟಿಗೆ ಗೋಣಿ ಹೊದಿಸಿದರು, ತಾವೂ ಸೆರಗು ಎಳೆದುಕೊಂಡು ಕಿವಿಯಲ್ಲಿ ಬೆರಳಿಟ್ಟು ಕುಳಿತರು. ಆದರೆ ಬೇಡ ಎನ್ನಲಿಲ್ಲ. ಅದಕ್ಕೆ ಅವರಿಗೆ ನಾನು ಇವತ್ತಿಗೂ ಋಣಿ.

ಇವರನ್ನು ದೋಣಿಯ ಅಂಚಿಗೆ ಒರಗಿಸಿ, ನಾನು ಹಿಂದೆ ಕುಳಿತು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಹಾಗೆ ಮುಖ ಹೊರಗೆ ಮಾಡಿ ಆ ಕೊಲ್ಲಿ ದಾಟಿದವರು ಯಾರೂ ನನಗೆ ಗೊತ್ತಿಲ್ಲ. ನಮ್ಮ ಗುಡ್ಡದ ಬೆನ್ನು ಕಂಡಿತು, ಕೆಂಪು ಕಲ್ಲಿನದು. "ನೋಡಿ, ನಮ್ಮ ಗುಡ್ಡ ಆ ಕಡೆ ಬೋಳು" ಎಂದೆ. ಅವರು ನೋಡಲಿಲ್ಲ. ನೀರಿನ ಬಣ್ಣ ಬದಲಾಗುವ ಗೆರೆ ಬಂತು, ಈಚೆ ಮಣ್ಣು, ಆಚೆ ಹಸಿರು. ಅವರ ಕೈಯನ್ನು ನೀರಿಗೆ ಅದ್ದಿ ತೋರಿಸಿದೆ. ಕೈ ತಣ್ಣಗಾಯಿತು, ಕಣ್ಣು ಹಾಗೆಯೇ ಇತ್ತು. ಎದುರಿಗಿದ್ದರೆ ಸಾಲದು, ಒಳಗೆ ಹಿಡಿಯಬೇಕು, ಆಗಲೇ ಕಲಿತಂತೆ. ನೀರು ಹೇಗಿದ್ದರೂ ನೀರೇ ಎಂದು ನನಗೆ ಅರ್ಥವಾಗತೊಡಗಿತು. ಅರ್ಧ ದಾರಿ ಕಳೆದಿತ್ತು.

ಆಗ ಹಿಂದಿನಿಂದ ಒಂದು ಉಸಿರು ಕೇಳಿತು. ಫುಸ್ ಎಂದು, ಗಟ್ಟಿಯಾಗಿ, ತಿದಿ ಒತ್ತಿದ ಹಾಗೆಯೇ. ನಾನು ತಿರುಗುವ ಮೊದಲು ಇವರು ತಿರುಗಿದರು. ಎಂಟು ತಿಂಗಳಿಂದ ಯಾರು ಕರೆದರೂ ತಿರುಗದಿದ್ದ ತಲೆ ಅದು.

ನೀರಿನ ಮೇಲೆ ಒಂದು ಬೂದು ಬೆನ್ನು ಎದ್ದು ಹೊರಳಿ ಮುಳುಗಿತು. ಅದರ ಹಿಂದೆಯೇ ಇನ್ನೊಂದು, ಹೊಟ್ಟೆಯ ಹತ್ತಿರ ಗುಲಾಬಿ ಬಣ್ಣದ್ದು. ಪ್ರತಿಯೊಂದಕ್ಕೂ ಆ ಉಸಿರು, ಜೊತೆಗೆ ಗಾಳಿಯಲ್ಲಿ ಸಣ್ಣ ತುಂತುರು. ಮೀನು ಎನ್ನಲು ಮನಸ್ಸು ಬರಲಿಲ್ಲ, ಮೀನು ಉಸಿರುಬಿಡುವುದನ್ನು ನಾನು ಕೇಳಿಲ್ಲ. ಎಮ್ಮೆಯ ಕರುವಿನಷ್ಟು ದೊಡ್ಡವು, ಆದರೆ ಎಣ್ಣೆ ಸವರಿದ ಹಾಗೆ ನುಣುಪು.

"ಇದೆಂತದು ಮಾರ್ರೆ" ಎಂದು ಇದ್ದಿನಬ್ಬ ಮೋಟಾರು ನಿಲ್ಲಿಸಿದ. ಇಪ್ಪತ್ತು ವರ್ಷ ಆ ನೀರಿನಲ್ಲಿ ದೋಣಿ ನಡೆಸಿದವನ ಬಾಯಿ ತೆರೆದೇ ಇತ್ತು.

ಮೋಟಾರು ನಿಂತ ಮೇಲೆ ಅವು ಹತ್ತಿರ ಬಂದವು. ದೋಣಿಯ ಕೆಳಗಿನಿಂದ ಹಾದು ಈ ಬದಿಯಲ್ಲಿ ಎದ್ದವು. ಒಂದರ ಪಕ್ಕೆಗೆ ಮರಿ ಅಂಟಿಕೊಂಡಿತ್ತು. ತಾಯಿಯದು ದೊಡ್ಡ ಉಸಿರು, ಮರಿಯದು ಚಿಕ್ಕದು, ಒಂದರ ಹಿಂದೆ ಇನ್ನೊಂದು. ಒಂದು ಮುದಿಯದು ಮಗ್ಗುಲಾಗಿ ತೇಲಿ ಒಂದು ಕಣ್ಣಿನಿಂದ ನಮ್ಮನ್ನು ನೋಡಿತು. ಅದರ ಬೆನ್ನಿನ ರೆಕ್ಕೆ ಯಾವಾಗಲೋ ಅರ್ಧ ಹರಿದುಹೋಗಿ ಮಾಯ್ದಿತ್ತು. ಆದರೂ ಉಳಿದವುಗಳ ಜೊತೆಯೇ ಬರುತ್ತಿತ್ತು. ಉಳಿದವು ಅದಕ್ಕಾಗಿ ನಿಧಾನ ಮಾಡುತ್ತಿದ್ದವೇನೋ.

ಇವರ ಎಡಗೈ ಎದ್ದಿತು. ಅಂಗೈ ಕೆಳಗೆ ಮಾಡಿ, ಗಾಳಿಯಲ್ಲಿ ಒತ್ತಿದರು. ಒಂದು ಬೆನ್ನು ಎದ್ದು ಉಸಿರುಬಿಟ್ಟಿತು. ಮತ್ತೆ ಒತ್ತಿದರು. ಮತ್ತೊಂದು. ಅವುಗಳ ಉಸಿರಿಗೆ ಇವರು ತಿದಿ ಒತ್ತುತ್ತಿದ್ದರು, ಇಲ್ಲವೇ ಇವರು ಒತ್ತಿದ್ದಕ್ಕೆ ಅವು ಉಸಿರಾಡುತ್ತಿದ್ದವು. ಕಣ್ಣು ಪೂರ್ತಿ ತುಂಬಿತ್ತು. ಕಲಿತರು, ಇನ್ನು ನುಂಗುವುದು ಉಳಿಯಿತು ಎಂದುಕೊಂಡೆ.

ಅಷ್ಟಕ್ಕೇ ನಿಲ್ಲಲಿಲ್ಲ. ಅವು ಸಮುದ್ರದ ಕಡೆ ಹೊರಟು, ಉಸಿರು ದೂರವಾದ ಮೇಲೆ, ಇವರು ನನ್ನ ಕಡೆಗೆ ತಿರುಗಿ ಮಾತಾಡಿದರು. ಒಂದು ಪೂರ್ತಿ ಮಾತು. ತೊದಲಿತ್ತು, ಆದರೆ ನಡುವೆ ಎಲ್ಲಿಯೂ ಕಡಿಯಲಿಲ್ಲ. ಇದ್ದಿನಬ್ಬನಿಗೂ ಕೇಳಿತು. ನಾನು ಅತ್ತೆ, ಅಳುತ್ತಲೇ ನಕ್ಕೆ. "ಇಷ್ಟು ವರ್ಷ ಎಂತಕ್ಕೆ ಹೇಳ್ಲಿಲ್ಲ?" ಎಂದೆ.

ದೋಣಿ ತನ್ನಷ್ಟಕ್ಕೆ ತಿರುಗುತ್ತಿತ್ತು. ಇದ್ದಿನಬ್ಬ ಗಂಟಲು ಸರಿ ಮಾಡಿಕೊಂಡ. "ಅಕ್ಕ, ಈಗ ಲೆಕ್ಕ ಬದ್ಲಾಯ್ತು. ಇವ್ರು ಕೊನೆಗೆ ಕಲ್ತದ್ದು ಈಗ ನುಂಗೂದೂ ಅಲ್ಲ, ಆ ಪ್ರಾಣಿಯೂ ಅಲ್ಲ. ಮಾತು. ಆಚೆ ಇಳಿದ್ರೆ ಅದು ಹೋಗ್ತದೆ."

"ಗೊತ್ತುಂಟು."

"ತಿರುಗಿಸ್ಲಾ? ಈಚೆ ದಡಕ್ಕೇ ಹೋದ್ರೆ ಎಂತದೂ ಹೋಗ್ಲಿಕ್ಕಿಲ್ಲ. ಮನೆಗೆ ಹೋಗಿ ಕೂತು ಮಾತಾಡಿ."

ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ನಾನು ಇವರ ಮುಖ ನೋಡಿದೆ. ಇನ್ನೊಂದು ಮಾತು ತುಟಿಯ ಮೇಲೆ ಬರುವ ಹಾಗಿತ್ತು. ಆಮೇಲೆ ಕೈ ನೋಡಿದೆ. ಎಡಗೈಯ ಹೆಬ್ಬೆರಳು ಮೆಲ್ಲಗೆ ಒಳಕ್ಕೆ ಮಡಚುತ್ತಿತ್ತು.

ಅಂಥ ಹೊತ್ತಿನಲ್ಲಿ ಯೋಚನೆ ಮಾಡುತ್ತ ಕೂರಬಾರದು. ಗಂಡ ಮಾತಾಡಿದರೆ ಚೆನ್ನ, ಆದರೆ ಮೊದಲು ಗಂಡ ಇರಬೇಕು. ಅವರಿಗೂ ತಿಳಿದಿತ್ತು ಎಂದು ನನಗನ್ನಿಸುತ್ತದೆ, ತಾವಾಗಿಯೇ ಆ ಹೆಬ್ಬೆರಳನ್ನು ನನ್ನ ಮುಷ್ಟಿಯೊಳಗೆ ಇಟ್ಟರು. "ಆಚೆಗೇ ಬಿಡು" ಎಂದೆ. "ಜೋರಾಗಿ ಬಿಡು. ಆದಷ್ಟು ಬೇಗ."

ಇದ್ದಿನಬ್ಬ ಮೋಟಾರು ಶುರುಮಾಡಿ ಅದರ ಜೀವ ಹೋಗುವಷ್ಟು ಓಡಿಸಿದ. ದಾರಿಯುದ್ದಕ್ಕೂ ನಾನು ಅವರು ಹೇಳಿದ ಆ ಮಾತನ್ನು ಬಾಯಲ್ಲಿ ಮತ್ತೆ ಮತ್ತೆ ಹೇಳಿಕೊಂಡೆ. ನನಗೂ ಅದೇ ಕೊನೆಯದು ಎಂದು ಗೊತ್ತಿತ್ತು, ಆದರೂ ಹೇಳಿಕೊಂಡೆ. ದಡ ಬಂತು. ಇದ್ದಿನಬ್ಬ ಇವರನ್ನು ಬೆನ್ನ ಮೇಲೆ ಹೊತ್ತು ಇಳಿಸಿ, ಪಾದ ಮರಳಿಗೆ ತಾಗಿಸಿದ. ನಾನೂ ಇಳಿದೆ.

ನನ್ನ ಬಾಯಲ್ಲಿದ್ದದ್ದು ಹೋಗಿತ್ತು. ತುಟಿ ಅಲುಗುತ್ತಲೇ ಇತ್ತು, ಶಬ್ದ ಇರಲಿಲ್ಲ.

ನಾವು ಆಸ್ಪತ್ರೆಯ ಬಾಗಿಲಿಗೆ ಮುಟ್ಟುವಾಗ ಅಪಸ್ಮಾರ ಶುರುವಾಯಿತು. ಅಲ್ಲಿ ಬಾಗಿಲಲ್ಲೇ ಸೂಜಿ ಚುಚ್ಚಿದರು, ಆಮೇಲೆ ಮಿಶಿನಿನೊಳಗೆ ಹಾಕಿದರು. ತಲೆಯೊಳಗೆ ಹಳೆಯ ರಕ್ತ ನಿಂತು ಒತ್ತುತ್ತಿದೆ ಎಂದು ಡಾಕ್ಟರಮ್ಮ ಅದನ್ನು ಬಸಿದು ತೆಗೆದರು. ಇನ್ನು ಅರ್ಧ ಗಂಟೆ ತಡವಾಗಿದ್ದರೆ ಕಷ್ಟವಿತ್ತು ಎಂದರು. ಮೂರನೆಯ ದಿನ ಎಚ್ಚರವಾದಾಗ ನರ್ಸು ನಳಿಗೆ ಹಿಡಿದು ಬಂದಳು. ನಾನು ಅವಳ ಕೈ ತಡೆದು, ಗಂಜಿ ತರಿಸಿದೆ. ಗಲ್ಲ ಬಾಗಿಸಿ, ಗಂಟಲಿಗೆ ಬೆರಳಿಟ್ಟು, ಒಂದು ಚಮಚೆ ಕೊಟ್ಟೆ. ಮಣಿ ಮೇಲೆ ಹೋಗಿ ಕೆಳಗಿಳಿಯಿತು. ಎರಡನೆಯದು. ಬಟ್ಟಲು ಮುಗಿಯಿತು.

ಇದ್ದಿನಬ್ಬ ನಮ್ಮನ್ನು ನೋಡಲು ಬಂದ. ಬರುವಾಗಲೇ ಮುಖ ಅರಳಿತ್ತು. "ಅಕ್ಕ, ನಂಗೆ ನೆನಪುಂಟು. ಆ ಪ್ರಾಣಿಗಳು ನೆನಪುಂಟು. ವರ್ಷಕ್ಕೆ ನಾಕೈದು ಸಲ ನನ್ನ ಸುಂಕ ಬಾಯಲ್ಲೇ ಉಳಿತಿತ್ತು. ಎಂತ ನೋಡಿದ್ದೆ, ಎಂತ ಕಳ್ಕೊಂಡೆ ಅಂತ ಹೆಂಡತಿಗೂ ಹೇಳದೆ ಒದ್ದಾಡ್ತಿದ್ದೆ. ಅಷ್ಟೂ ಸಲ ನೋಡಿದ್ದು ಇವನ್ನೇ ಇರ್ಬೇಕು. ಈ ಸಲ ಇವ್ರ ಮಾತು ಕೊನೆಗೆ ಬಂತಲ್ಲ, ಅದು ಹೋಗಿ ಇವು ಉಳಿದ್ವು." ಪಕ್ಕದಲ್ಲಿದ್ದ ಡಾಕ್ಟರಮ್ಮ ಕೇಳಿಸಿಕೊಂಡು, ಅವಕ್ಕೆ ಡಾಲ್ಫಿನ್ ಎನ್ನುತ್ತಾರೆ ಎಂದರು. ಇದ್ದಿನಬ್ಬ ಆ ಹೆಸರನ್ನು ಎರಡು ಸಲ ಹೇಳಿ ನೋಡಿ, ವಾಪಸ್ ಹೋಗುವಾಗ ಇದನ್ನೇ ಸುಂಕ ಕೊಡ್ತೇನೆ, ಹೆಸರು ಹೋದ್ರೆ ಹೋಗ್ಲಿ ಎಂದ.

"ಇವ್ರು ಎಂತ ಹೇಳಿದ್ದು ಇದ್ದಿನಬ್ಬ?"

ಅವನು ತಲೆ ತಗ್ಗಿಸಿದ. "ಹೇಳಿದ್ದು ಹೌದು ಅಕ್ಕ. ನೀವು ಅತ್ತದ್ದು, ನಕ್ಕದ್ದು ಎಲ್ಲ ನೆನಪುಂಟು. ಮಾತು ಮಾತ್ರ ನಂದೂ ಹೋಯ್ತು."

ಫೆಲ್ಸಿಬಾಯಿ ಏನೂ ಕಂಡಿರಲಿಲ್ಲ, ಏನೂ ಕೇಳಿರಲಿಲ್ಲ. ಅವರ ಸುಂಕ ಸರಿಯಾಗಿ ಹೋಗಿತ್ತು. "ನನ್ನ ಸೆರಗು ಎಳೆದು ಒಮ್ಮೆ ತೋರಿಸ್ಬಾರ್ದಿತ್ತಾ?" ಎಂದು ನನ್ನ ಮೇಲೆ ಸಿಟ್ಟಾದರು.

ತಿರುಗಿ ಬರಲು ಆತುರ ಮಾಡಲಿಲ್ಲ. ಆಚೆ ದಡದಲ್ಲೇ ಒಂದು ಕೋಣೆ ಹಿಡಿದು, ಇವರಿಗೆ ಎಡಗೈಯ ಕಿರುಬೆರಳೊಂದನ್ನೇ ಎತ್ತಲು ಕಲಿಸಿದೆ. ಮಳೆ ಹಿಡಿಯುವ ಹೊತ್ತಿಗೆ ಬಂತು. ಅದನ್ನು ಅವರೂ, ಒಂದು ಒಗಟನ್ನು ನಾನೂ ನಮ್ಮ ಕಟ್ಟೆಯ ಕೆಳಗಿನ ಮರಳಿಗೆ ಕೊಟ್ಟು ಮನೆ ಸೇರಿದೆವು. ಈಗ ಬೆಳಗ್ಗೆ ಗಂಜಿ ಕುಡಿದ ಮೇಲೆ ಅವರ ಎದುರು ಕುಳಿತು ಅ ಎನ್ನಿಸುತ್ತೇನೆ, ಆ ಎನ್ನಿಸುತ್ತೇನೆ. ಗಾಳಿ ಮಾತ್ರ ಬರುತ್ತದೆ. ಒಮ್ಮೆ ಬಂದದ್ದು ಇನ್ನೊಮ್ಮೆ ಬಾರದೆ ಎಲ್ಲಿಗೆ ಹೋಗುತ್ತದೆ? ನಾನು ನಾಳೆಯೂ ಕೂರುತ್ತೇನೆ.

ಅಪಸ್ಮಾರ ಮತ್ತೆ ಬಂದಿಲ್ಲ. ಅವರು ಇದ್ದಾರೆ, ನುಂಗುತ್ತಾರೆ, ಡಾಲ್ಫಿನ್ ನಮ್ಮಿಬ್ಬರಿಗೂ ನೆನಪಿದೆ. ಹೋದದ್ದು ಒಂದು ಮಾತು. ಅದು ಏನೆಂದು ಅವರಿಗೆ ಗೊತ್ತು, ಹೇಳಲು ಬರುವುದಿಲ್ಲ. ನಾನು ಕೇಳಿದ್ದೇನೆ, ಏನೆಂದು ಗೊತ್ತಿಲ್ಲ.